ಹೆಪ್ಪು ಹಂಚಿದ ಕಾರ್ಖಾನೆ



ಮನೆಯ ಹೆಪ್ಪು ಕೆಟ್ಟು ಮೊಸರು ಲೋಳೆಯಾದಾಗ ನಮ್ಮ ತಾಯಿ ದೀಪ ಹಚ್ಚುವ ಹೊತ್ತಿಗೆ ಮೊದಲೇ ಬಟ್ಟಲು ಹಿಡಿದು ನೆರೆಮನೆಗೆ ಹೋಗುತ್ತಿದ್ದರು. ಹೆಪ್ಪಿಗೆಂದು ಬಂದವರನ್ನು ಬರಿಗೈಯಲ್ಲಿ ಕಳುಹಿಸಿದವರನ್ನು ನಾನು ಕಂಡಿಲ್ಲ. ಡೆನ್ಮಾರ್ಕ್ ದೇಶದ ಬಿಯರ್ ಉದ್ಯಮದ ಚರಿತ್ರೆಯನ್ನು ಓದಿದಾಗ ನನಗೆ ನೆನಪಾದದ್ದು ಆ ಬಟ್ಟಲು.

ಕನ್ನಡ ಪಾಠ ಹೇಳಿದ ಮೇಷ್ಟರಿಗೆ ಬಿಯರಿನ ಗೊಡವೆ ಏಕೆಂದು ತಾವು ಹುಬ್ಬೇರಿಸಬಹುದು. ನಾನು ಅದನ್ನು ಕುಡಿದವನಲ್ಲ, ಕುಡಿಯಿರೆಂದು ಹೇಳುವವನೂ ಅಲ್ಲ. ನನ್ನನ್ನು ಇತ್ತ ಎಳೆದದ್ದು ಒಂದು ಶಬ್ದ. ನಿವೃತ್ತನಾದ ಮೇಲೆ ಪಿತ್ರಾರ್ಜಿತ ಜಮೀನಿನ ಮಣ್ಣನ್ನು ಪರೀಕ್ಷೆಗೆ ಕೊಟ್ಟಿದ್ದೆ. ಬಂದ ಕಾಗದದಲ್ಲಿ 'ರಸಸಾರ 5.4, ಹುಳಿಮಣ್ಣು, ಸುಣ್ಣ ಹಾಕುವುದು' ಎಂದಿತ್ತು. ಈ ರಸಸಾರದ ಅಳತೆ ಎಲ್ಲಿಯದೆಂದು ಹುಡುಕುತ್ತ ಹೋದವನು ಕೋಪನ್‌ಹೇಗನ್ ನಗರದ ಬಿಯರ್ ಕಾರ್ಖಾನೆಯೊಂದರ ಬಾಗಿಲಿಗೆ ಬಂದು ನಿಂತೆ.

ಮೊಳಕೆ ಬರಿಸಿದ ಜವೆಗೋಧಿಯ ಸಿಹಿರಸವನ್ನು ಹಾಪ್ಸ್ ಎಂಬ ಬಳ್ಳಿಯ ಕಹಿ ಹೂಗಳೊಡನೆ ಕುದಿಸಿ, ಆರಿಸಿ, ಯೀಸ್ಟ್ ಬೆರೆಸಿದರೆ ಅದು ಹುದುಗಿ ಬಿಯರ್ ಆಗುತ್ತದೆ. ಮೊಸರಿಗೆ ಹೆಪ್ಪು ಹೇಗೋ ಬಿಯರಿಗೆ ಯೀಸ್ಟ್ ಹಾಗೆ. ಜೆ. ಸಿ. ಯಾಕೋಬ್ಸೆನ್ ಎಂಬ ತಯಾರಕನು 1845ರಲ್ಲಿ ಜರ್ಮನಿಯ ಮ್ಯೂನಿಕ್ ನಗರದಿಂದ, ತಂಪಿನಲ್ಲಿ ಹುದುಗುವ ಒಳ್ಳೆಯ ಯೀಸ್ಟನ್ನು ತವರದ ಡಬ್ಬಿಗಳಲ್ಲಿ ತಂದನು. ಕುದುರೆಗಾಡಿ ನಿಂತಲ್ಲೆಲ್ಲ ಡಬ್ಬಿಗಳ ಮೇಲೆ ತಣ್ಣೀರು ಸುರಿದು ಅದರ ಜೀವವನ್ನು ಕಾಪಾಡಿದನು. 1847ರಲ್ಲಿ ಹೊಸ ಕಾರ್ಖಾನೆ ಎದ್ದಿತು. ಮಗ ಕಾರ್ಲ್‌ನ ಹೆಸರಿಗೆ, ಗುಡ್ಡ ಎಂಬರ್ಥದ 'ಬೆರ್ಗ್' ಸೇರಿಸಿ ಅದನ್ನು ಕಾರ್ಲ್ಸ್‌ಬರ್ಗ್ ಎಂದು ಕರೆದನು.

ಅವನು 1875ರಲ್ಲಿ ಒಂದು ಪ್ರಯೋಗಶಾಲೆಯನ್ನೂ, ಮರುವರ್ಷ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದನು. ಪ್ರಯೋಗಶಾಲೆಗೆ ಅವನು ವಿಧಿಸಿದ ನಿಯಮ ಗಮನಾರ್ಹ: ಅಲ್ಲಿ ಕಂಡುಕೊಂಡ ಮುಖ್ಯ ಸಂಗತಿ ಯಾವುದನ್ನೂ ಗುಟ್ಟಾಗಿಡಕೂಡದು.

ಈ ನಿಯಮಕ್ಕೆ ಪರೀಕ್ಷೆಯ ಕಾಲ ಬಂದದ್ದು 1883ರಲ್ಲಿ. ಅವನ ಬಿಯರೇ ರುಚಿಗೆಟ್ಟಿತು. ಒಳ್ಳೆಯ ಯೀಸ್ಟಿನೊಳಗೆ ಕಾಡುಯೀಸ್ಟ್ ಬೆರೆತಿರುವುದನ್ನು ಎಮಿಲ್ ಕ್ರಿಸ್ಟಿಯನ್ ಹ್ಯಾನ್ಸೆನ್ ಎಂಬ ವಿಜ್ಞಾನಿ ಕಂಡುಹಿಡಿದು, ಒಂದೇ ಒಂದು ಜೀವಕೋಶವನ್ನು ಬೇರ್ಪಡಿಸಿ, ಅದರಿಂದಲೇ ಶುದ್ಧ ಯೀಸ್ಟನ್ನು ಬೆಳೆಸಿದನು. ಬೇರೊಬ್ಬ ವ್ಯಾಪಾರಿಯಾಗಿದ್ದರೆ ಅದಕ್ಕೆ ಏಳು ಬೀಗ ಜಡಿಯುತ್ತಿದ್ದನು. ಯಾಕೋಬ್ಸೆನ್ ವಿಧಾನವನ್ನು ಪ್ರಕಟಿಸಗೊಟ್ಟು, ಯೀಸ್ಟನ್ನು ಇತರ ಕಾರ್ಖಾನೆಗಳಿಗೂ ಹಂಚಿದನು.

1887ರಲ್ಲಿ ಅವನು ತೀರಿಕೊಂಡ ಮೇಲೆ ಕಾರ್ಖಾನೆ ಪ್ರತಿಷ್ಠಾನದ ಸ್ವತ್ತಾಯಿತು. ತಂದೆಯೊಡನೆ ಮುನಿದು ಬೇರೆ ಕಾರ್ಖಾನೆ ಹೂಡಿದ್ದ ಮಗನದೂ 1906ರಲ್ಲಿ ಅದರೊಡನೆ ಕೂಡಿತು. 1873ರಲ್ಲಿ ಹುಟ್ಟಿದ ಟೂಬೋರ್ಗ್ ಎಂಬ ಪ್ರತಿಸ್ಪರ್ಧಿ ಸಂಸ್ಥೆ 1970ರಲ್ಲಿ ಬಂದು ಸೇರಿತು. ಇವೆರಡೂ ಹೆಸರುಗಳನ್ನು ಇಂದು ನಮ್ಮ ಪೇಟೆಗಳಲ್ಲಿಯೂ ಕಾಣುತ್ತೇವೆ.

ಅದೇ ಪ್ರಯೋಗಶಾಲೆಯಲ್ಲಿ ಸೋರೆನ್ಸೆನ್ ಎಂಬ ರಸಾಯನಶಾಸ್ತ್ರಜ್ಞನು 1909ರಲ್ಲಿ ಹುಳಿ-ಕ್ಷಾರಗಳನ್ನು ಅಳೆಯುವ ಮಾನವನ್ನು ರೂಪಿಸಿದನು. ಶುದ್ಧ ನೀರಿಗೆ 7. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ನನ್ನ ಕಾಗದದಲ್ಲಿದ್ದ ರಸಸಾರ ಇದೇ.

ನಮ್ಮ ಅಜ್ಜ ಕಾಮಾಲೆಗೆ ಬೇರಿನ ಮದ್ದು ಕೊಡುತ್ತಿದ್ದರು. ಹೇಳಿದರೆ ಗುಣ ಕೆಡುತ್ತದೆಂದು ಅದರ ಹೆಸರನ್ನು ಮಗನಿಗೂ ಹೇಳಲಿಲ್ಲ. ಆ ಬೇರಿನಲ್ಲಿ ಗುಣವಿತ್ತೋ ಇಲ್ಲವೋ ಎಂದು ಪರೀಕ್ಷಿಸಿ ನೋಡಲೂ ಈಗ ದಾರಿಯಿಲ್ಲ. ಬಿಯರ್ ಎಷ್ಟೋ ಮನೆಗಳನ್ನು ಕೆಡಿಸಿರುವುದು ನಿಜ, ಅದನ್ನು ನಾನು ಮರೆಸಲಾರೆ. ಆದರೆ ಅದನ್ನು ಮಾರಿದವನು ಅರಿವನ್ನು ಬಚ್ಚಿಡಲಿಲ್ಲ. ನಮ್ಮ ಅಜ್ಜ ಬಚ್ಚಿಟ್ಟರು. ಈ ಸಲ ಹೊಲಕ್ಕೆ ಸುಣ್ಣ ಹಾಕಿಸುವಾಗ, ಆ ಕಾಗದವನ್ನು ಮೊಮ್ಮಗನ ಕೈಗೆ ಕೊಟ್ಟು, ಅದನ್ನು ಓದುವ ಬಗೆಯನ್ನು ಹೇಳಿಕೊಟ್ಟೆ.