ಕೈಗೆ ಹಗುರ, ಮೊಬೈಲಿಗೆ ಆಸರೆ

ಅಮೆರಿಕದ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಬೋಧಿಸುತ್ತಿದ್ದ ಡೇವಿಡ್ ಬಾರ್ನೆಟ್ ಅವರು 2010ರಲ್ಲಿ ತಮ್ಮ ಮೊಬೈಲಿನ ಬೆನ್ನಿಗೆ ಅಂಗಿಯ ಗುಂಡಿಗಳೆರಡನ್ನು ಅಂಟಿಸಿದರು. ಇಯರ್‌ಫೋನಿನ ತಂತಿ ಸಿಕ್ಕಾಗದಂತೆ ಸುತ್ತಿಡುವುದಷ್ಟೇ ಅವರ ಉದ್ದೇಶವಾಗಿದ್ದಿತು. ತತ್ತ್ವಚಿಂತಕರಿಗೆ ಇಂಥದು ಹೊಳೆದದ್ದು ನಮಗಂತೂ ಕೌತುಕವೇ. ಆ ಗುಂಡಿಗಳೇ ಮುಂದೆ ಹಾರ್ಮೋನಿಯಂ ತಿದಿಯಂತೆ ಹಿಗ್ಗಿ ಕುಗ್ಗುವ ಗುಬುಟಾಗಿ ರೂಪಾಂತರಗೊಂಡು, 2014ರಲ್ಲಿ ‘ಪಾಪ್‌ಸಾಕೆಟ್’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದವು.

ಇದರ ಮರ್ಮವಿರುವುದು ಕೈಯ ರಚನೆಯಲ್ಲಿ. ಸುಮಾರು 200 ಗ್ರಾಂ ತೂಗುವ ಇಂದಿನ ಮೊಬೈಲನ್ನು ಒಂಟಿ ಕೈಯಲ್ಲಿ ಹಿಡಿದಾಗ ಅದನ್ನು ಅಡಿಯಿಂದ ಆನುವ ಹೊಣೆ ಬಡಪಾಯಿ ಕಿರುಬೆರಳಿಗೆ ಬೀಳುತ್ತದೆ. ಹೆಬ್ಬೆರಳಾದರೋ ಹಿಡಿಯಲೂ ಬೇಕು, ಅಕ್ಷರ ಒತ್ತಲೂ ಬೇಕು. ಗಂಟೆಗಟ್ಟಲೆ ಹೀಗೆಯೇ ನಡೆದರೆ ಅದರ ಬುಡದ ಸ್ನಾಯುರಜ್ಜುಗಳು ನೋಯತೊಡಗುತ್ತವೆ. ಗುಬುಟನ್ನು ನಡುವಣ ಬೆರಳುಗಳ ಸಂದಿಯಲ್ಲಿ ಸಿಕ್ಕಿಸಿಕೊಂಡರೆ ಭಾರವು ಅವುಗಳ ಬುಡಕ್ಕೆ ಸರಿದು ಹಿಡಿತದ ಬಿಗಿ ಸಡಿಲುತ್ತದೆ.

ಅಂಟಿಸುವ ಸ್ಥಳವೇ ಇಲ್ಲಿ ಮುಖ್ಯ. ತೀರ ಕೆಳಗಾದರೆ ಮೊಬೈಲು ತಲೆಭಾರವಾಗಿ ವಾಲುತ್ತದೆ. ತೀರ ಮೇಲಾದರೆ ಕೆಳಗಣ ಅಕ್ಷರಗಳು ಹೆಬ್ಬೆರಳಿಗೆ ಎಟುಕವು. ನಡುವಿಗಿಂತ ತುಸುವೇ ಕೆಳಗಿರುವುದು ಲೇಸು.

ಮೊಬೈಲನ್ನು ಅಡ್ಡಲಾಗಿ ಒರಗಿಸಿ ನಿಲ್ಲಿಸಲೂ ಇದೇ ಗುಬುಟು ಊರುಗೋಲು. ಪರವೂರಿನ ಮೊಮ್ಮಕ್ಕಳ ಮುಖ ನೋಡುತ್ತ ಮಾತನಾಡುವ ಹಿರಿಯರಿಗೆ ಇದು ಉಪಕಾರಿ. ಆದರೆ ಪರದೆ ಮೇಜಿನ ಮಟ್ಟದಲ್ಲಿದ್ದರೆ ಕತ್ತು ಬಾಗುವುದು ತಪ್ಪದು. ಅಡಿಯಲ್ಲಿ ನಾಲ್ಕು ದಪ್ಪ ಪುಸ್ತಕಗಳನ್ನಿಡುವುದು ನಮ್ಮ ರೂಢಿ.