ಹಳೆಯ ಪಿಕಪ್ ಗಾಡಿಯ ಪುನರ್ನಿರ್ಮಾಣ: ಜಮೀನುದಾರರು ತಿಳಿದಿರಬೇಕಾದ ವಿಷಯಗಳು

ತುಮಕೂರು ನಗರದೊಳಗೆ ಸೇರಿಹೋಗಿರುವ ಮರಳೂರಿನಲ್ಲಾಗಲಿ, ಅದರಾಚೆಯ ಗುಬ್ಬಿ, ಕುಣಿಗಲ್ ಸೀಮೆಯ ತೆಂಗು ಅಡಕೆಯ ತೋಟಗಳಲ್ಲಾಗಲಿ, ಓಡಾಟ ನಿಂತ ಜೀಪೋ ಪಿಕಪ್ ಗಾಡಿಯೋ ಕೊಟ್ಟಿಗೆಯ ಮೂಲೆಯನ್ನು ಹಿಡಿದಿರುವುದು ಅಪೂರ್ವವೇನಲ್ಲ. ಹಿರಿಯರ ಕಾಲದಲ್ಲಿ ದುಡಿದ ಗಾಡಿಯನ್ನು ಗುಜರಿಗೆ ಕೊಡಲು ಮನಸ್ಸು ಬಾರದೆ, ಅಲ್ಲಲ್ಲಿ ಸಿಕ್ಕ ಭಾಗಗಳನ್ನು ಕೂಡಿಸಿ ಅದಕ್ಕೆ ಹೊಸ ಜೀವ ಕೊಡಬೇಕೆಂಬ ಅಭಿಲಾಷೆ ಮನೆಯ ತರುಣರಲ್ಲಿ ಹುಟ್ಟುವುದು ಸ್ವಾಭಾವಿಕ. ಈ ಅಭಿಲಾಷೆ ಸ್ತುತ್ಯವಾದದ್ದೇ ಸರಿ. ಆದರೆ ಇದರಲ್ಲಿ ಹಣವೂ ಪ್ರಾಣವೂ ಅಡಗಿರುವುದರಿಂದ, ಕೆಲಸಕ್ಕೆ ಕೈಹಾಕುವ ಮುನ್ನ ಕೆಲವು ಸಂಗತಿಗಳನ್ನು ಮನದಟ್ಟು ಮಾಡಿಕೊಳ್ಳುವುದು ಅವಶ್ಯಕ.

ಹಳೆಯ ಗಾಡಿಯ ಭಾರವನ್ನು ತಗ್ಗಿಸಿ, ಬಲವಾದ ಎಂಜಿನ್ ಕೂರಿಸಿ, ವೇಗವಾಗಿ ಓಡುವಂತೆ ಮಾರ್ಪಡಿಸಿದುದಕ್ಕೆ ‘ಹಾಟ್ ರಾಡ್’ ಎಂದು ಹೆಸರು. ಈ ಪದ್ಧತಿ ಬೇರೂರಿದುದು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತ್ಯದಲ್ಲಿ. ಫೋರ್ಡ್ ಕಂಪನಿಯವರು 1908ರಿಂದ 1927ರವರೆಗೆ ತಯಾರಿಸಿದ ‘ಮಾಡಲ್ ಟಿ’ ಗಾಡಿಯ ಎಂಜಿನ್ನಿಗೆ ಸುಮಾರು 20 ಅಶ್ವಶಕ್ತಿ ಇತ್ತು. 1925ರಲ್ಲಿ ಇದೇ ಗಾಡಿಗೆ ಕಾರ್ಖಾನೆಯಲ್ಲಿಯೇ ಪಿಕಪ್ ತೊಟ್ಟಿಯನ್ನು ಜೋಡಿಸಿ ಮಾರಲಾರಂಭಿಸಿದರು. 1932ರಲ್ಲಿ ಅದೇ ಕಂಪನಿಯ ಎಂಟು ಸಿಲಿಂಡರಿನ, 65 ಅಶ್ವಶಕ್ತಿಯ ಎಂಜಿನ್ ಅಗ್ಗದ ಬೆಲೆಯ ಗಾಡಿಗಳಲ್ಲಿ ಬಂದಿತು. ತರುಣರು ಹಳೆಯ ಗಾಡಿಗಳ ಮಡ್‌ಗಾರ್ಡು ಮುಂತಾದ ಅನಾವಶ್ಯಕ ಭಾಗಗಳನ್ನು ಕಳಚಿ, ಹೆಚ್ಚು ಬಲದ ಎಂಜಿನ್ನುಗಳನ್ನಿಟ್ಟು, ಬತ್ತಿದ ಕೆರೆಗಳ ಬಯಲಿನಲ್ಲಿ ವೇಗವನ್ನು ಪರೀಕ್ಷಿಸತೊಡಗಿದರು. ಸಾರ್ವಜನಿಕ ರಸ್ತೆಯನ್ನು ಬಿಟ್ಟು ಬಯಲನ್ನು ಆರಿಸಿಕೊಂಡುದನ್ನು ಗಮನಿಸತಕ್ಕದ್ದು.

ಅಮೆರಿಕದ ರೈತರು ಇದೇ ಕೌಶಲವನ್ನು ಬೇರೆ ದಿಕ್ಕಿಗೆ ತಿರುಗಿಸಿದರು. 1930 ಮತ್ತು 1940ರ ದಶಕಗಳಲ್ಲಿ ಟ್ರಾಕ್ಟರನ್ನು ಕೊಳ್ಳಲಾರದವರು ಹಳೆಯ ಕಾರು ಲಾರಿಗಳನ್ನು ಮೊಟಕುಗೊಳಿಸಿ, ಒಂದು ಗೇರ್‌ಬಾಕ್ಸಿನ ಹಿಂದೆ ಮತ್ತೊಂದನ್ನು ಜೋಡಿಸಿ ಹೊಲದ ಕೆಲಸಕ್ಕೆ ಹೂಡಿದರು. ಒಂದೊಂದು ಗೇರ್‌ಬಾಕ್ಸೂ ವೇಗವನ್ನು ನಾಲ್ಕರಲ್ಲೊಂದು ಪಾಲಿಗೆ ಇಳಿಸಿದರೆ, ಎರಡೂ ಕೂಡಿ ಹದಿನಾರರಲ್ಲೊಂದು ಪಾಲಿಗೆ ಇಳಿಸುತ್ತವೆ. ಎಳೆಯುವ ಬಲವು ಅದಕ್ಕೆ ತಕ್ಕಂತೆ ಏರುತ್ತದೆ. ನಮ್ಮ ಮೈಸೂರು ಸಂಸ್ಥಾನದಲ್ಲಿಯೂ ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ, ಇದ್ದಲಿನ ಅನಿಲದಿಂದ ಬಸ್ಸುಗಳನ್ನು ಓಡಿಸಿದರು. ಕೊರತೆಯ ಕಾಲದಲ್ಲಿ ಇರುವುದನ್ನೇ ಪರಿಷ್ಕರಿಸಿ ಬಳಸುವ ಬುದ್ಧಿ ಎಲ್ಲ ದೇಶದವರಿಗೂ ಉಂಟು.

ಇನ್ನು ಕೆಲಸದ ಕ್ರಮ. ಎತ್ತಿನ ಗಾಡಿಯ ಅಚ್ಚು ಸೊಟ್ಟಗಿದ್ದರೆ ಎಂಥ ಎತ್ತು ಕಟ್ಟಿದರೂ ಫಲವಿಲ್ಲ. ಮೋಟಾರು ಗಾಡಿಯ ಚಾಸಿಯೂ ಹಾಗೆಯೇ. ಮೊದಲು ಚಾಸಿಯನ್ನು ಬರಿದುಮಾಡಿ, ತುಕ್ಕು ಕೆರೆದು, ಬಿರುಕುಗಳನ್ನು ಹುಡುಕಬೇಕು. ಎಡ ಮುಂದಿನ ಮೂಲೆಯಿಂದ ಬಲ ಹಿಂದಿನ ಮೂಲೆಗೂ, ಬಲ ಮುಂದಿನ ಮೂಲೆಯಿಂದ ಎಡ ಹಿಂದಿನ ಮೂಲೆಗೂ ದಾರ ಹಿಡಿದು ಅಳೆದಾಗ ಎರಡು ಅಳತೆಗಳೂ ಸಮವಾಗಿರಬೇಕು. ಅನಂತರ ಸ್ಪ್ರಿಂಗು, ಅಚ್ಚು, ಸ್ಟಿಯರಿಂಗು ಮತ್ತು ಬ್ರೇಕು. ಇವೆಲ್ಲವೂ ಸರಿಯಾದ ಮೇಲೆಯೇ ಎಂಜಿನ್ ಮತ್ತು ಗೇರ್‌ಬಾಕ್ಸು. ತೊಟ್ಟಿ ಮತ್ತು ಬಣ್ಣ ಕಟ್ಟಕಡೆಗೆ. ಬೆಂಗಳೂರಿನ ಜೆ. ಸಿ. ರಸ್ತೆಯಲ್ಲಾಗಲಿ ಗುಜರಿ ಅಂಗಡಿಯಲ್ಲಾಗಲಿ ಭಾಗಗಳನ್ನು ಕೊಳ್ಳುವಾಗ ರಸೀತಿಯನ್ನು ತಪ್ಪದೆ ಪಡೆಯಬೇಕು. ಚಾಸಿ ಮತ್ತು ಎಂಜಿನ್ನಿನ ಸಂಖ್ಯೆಗಳನ್ನು ಉಜ್ಜಿ ಅಳಿಸಿದ್ದರೆ, ಬೆಲೆ ಎಷ್ಟೇ ಅಗ್ಗವಾಗಿರಲಿ, ಅಂಥದನ್ನು ಮುಟ್ಟಲಾಗದು.

ಅನೇಕರು ಎಂಜಿನ್ನಿನ ಬಲವನ್ನು ಮೊದಲು ಹೆಚ್ಚಿಸಿ ಬ್ರೇಕನ್ನು ಮರೆಯುತ್ತಾರೆ. ಇದು ಎಲ್ಲಕ್ಕಿಂತ ದೊಡ್ಡ ತಪ್ಪು. ಗಂಟೆಗೆ 40 ಕಿಲೋಮೀಟರಿನ ವೇಗವನ್ನು 80ಕ್ಕೆ ಏರಿಸಿದರೆ, ಗಾಡಿಯನ್ನು ನಿಲ್ಲಿಸಲು ಬ್ರೇಕು ಅರಗಿಸಿಕೊಳ್ಳಬೇಕಾದ ಶಕ್ತಿ ಎರಡರಷ್ಟಲ್ಲ, ನಾಲ್ಕರಷ್ಟಾಗುತ್ತದೆ. ಫೋರ್ಡ್ ಕಂಪನಿಯವರೇ 1939ರವರೆಗೆ ತಮ್ಮ ಕಾರುಗಳಿಗೆ ದ್ರವದ ಒತ್ತಡದ ಬ್ರೇಕನ್ನು ಅಳವಡಿಸಿರಲಿಲ್ಲ. ಆ ಕಾಲದ ಬ್ರೇಕಿನ ಮೇಲೆ ಈ ಕಾಲದ ಎಂಜಿನ್ನನ್ನು ಹೊರಿಸುವುದು ಮೂಗುದಾರವಿಲ್ಲದ ಹೋರಿಯನ್ನು ಸಂತೆಗೆ ಬಿಟ್ಟಂತೆ. ಬೆಸುಗೆಯ ವಿಷಯದಲ್ಲಿಯೂ ಎಚ್ಚರ ಬೇಕು. ಪೆಟ್ರೋಲ್ ಟ್ಯಾಂಕು ಬರಿದಾಗಿದ್ದರೂ ಒಳಗೆ ಉಳಿದ ಆವಿ ಕಿಡಿ ತಗುಲಿದೊಡನೆ ಸಿಡಿಯುತ್ತದೆಯಾದ್ದರಿಂದ, ಅದರ ಬೆಸುಗೆಗೆ ಮನೆಯಂಗಳದಲ್ಲಿ ಕೈಹಾಕಬಾರದು.

ಕಾನೂನಿನ ವಿಷಯವನ್ನು ಊರಿನ ಮುಖಂಡರು ವಿಶೇಷವಾಗಿ ಗಮನಿಸಬೇಕು. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಮೇರೆಗೆ, ತಯಾರಕರು ನಮೂದಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ಗಾಡಿಯನ್ನು ಮಾರ್ಪಡಿಸಲಾಗದು. ಎಂಜಿನ್ ಬದಲಿಸುವುದಕ್ಕೂ ನೋಂದಣಾಧಿಕಾರಿಯ ಅನುಮತಿ ಬೇಕು. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಉತ್ತರ ಭಾರತದಲ್ಲಿ ನೀರೆತ್ತುವ ಎಂಜಿನ್ನನ್ನು ಬಂಡಿಗೆ ಜೋಡಿಸಿದ ‘ಜುಗಾಡ್’ ಕೂಡ ಮೋಟಾರು ವಾಹನವೇ ಎಂದು ಅದೇ ನ್ಯಾಯಾಲಯವು 2013ರಲ್ಲಿಯೇ ಹೇಳಿತ್ತು. 39ನೆಯ ಕಲಮು ಸಾರ್ವಜನಿಕ ಸ್ಥಳವನ್ನು ಮಾತ್ರವಲ್ಲದೆ ‘ಇತರ ಯಾವುದೇ ಸ್ಥಳ’ವನ್ನೂ ಹೇಳುವುದರಿಂದ, ರಸ್ತೆಗೆಂದು ತಯಾರಾದ ಗಾಡಿಯನ್ನು ಸ್ವಂತ ತೋಟದಲ್ಲಿ ಓಡಿಸುವುದಕ್ಕೂ ನೋಂದಣಿ ಬೇಕೆಂದೇ ತಿಳಿಯುವುದು ಕ್ಷೇಮ. ಅನುಮತಿಯಿಲ್ಲದೆ ಮಾರ್ಪಟ್ಟ ಗಾಡಿಯಿಂದ ಕೂಲಿಯಾಳಿಗೆ ಅಪಘಾತವಾದರೆ, ವಿಮೆಯವರು ತಕರಾರು ತೆಗೆಯಲು ಆಸ್ಪದವಾಗಿ, ಪರಿಹಾರದ ಹೊರೆ ಜಮೀನಿನ ಮೇಲೆಯೇ ಬೀಳಬಹುದು.

ಪುರಾತನ ವಾಹನಗಳಿಗೆ 2021ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಸ್ವಂತ ಬಳಕೆಯ ದ್ವಿಚಕ್ರ ವಾಹನಗಳಿಗೂ ಕಾರುಗಳಿಗೂ ಇವು ಅನ್ವಯಿಸುತ್ತವೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವನ್ನೂ 10 ವರ್ಷಗಳ ಅವಧಿಯನ್ನೂ ಆಗ ಗೊತ್ತುಪಡಿಸಲಾಯಿತು. ಆದರೆ ಚಾಸಿ, ಹೊರಕವಚ, ಎಂಜಿನ್ನುಗಳು ಗಣನೀಯವಾಗಿ ಬದಲಾಗದೆ ಮೂಲ ರೂಪದಲ್ಲಿರಬೇಕು. ಪ್ರದರ್ಶನ, ರ‍್ಯಾಲಿ ಮುಂತಾದ ಸಂದರ್ಭಗಳ ಹೊರತು ರಸ್ತೆಯಲ್ಲಿ ಓಡಿಸಲಾಗದು. ಹೀಗಾಗಿ ಹಾಟ್ ರಾಡ್ ಮಾಡಿದ ಗಾಡಿಗೆ ಪುರಾತನವೆಂಬ ಮಾನ್ಯತೆ ದೊರೆಯದು. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿರುವ ಹಳೆಯ ವಾಹನಗಳನ್ನು ನೋಡಿದವರಿಗೆ, ಮೂಲರೂಪಕ್ಕೆ ಎಂಥ ಬೆಲೆಯುಂಟೆಂಬುದು ವೇದ್ಯವಾಗುವುದು.

ಆದ್ದರಿಂದ ಸುತ್ತಿಗೆ ಎತ್ತುವ ಮುನ್ನವೇ ಯಜಮಾನರು ಒಂದು ನಿರ್ಧಾರಕ್ಕೆ ಬರಬೇಕು. ಕಾಗದಪತ್ರಗಳು ಸರಿಯಿದ್ದರೆ, ಅದೇ ಮಾದರಿಯ ಭಾಗಗಳಿಂದ ಗಾಡಿಯನ್ನು ಮೊದಲಿನಂತೆಯೇ ಸಜ್ಜುಗೊಳಿಸಿ, ತಪಾಸಣೆ ಮಾಡಿಸಿ ನೋಂದಣಿಯನ್ನು ನವೀಕರಿಸುವುದು ಉತ್ತಮ. ಪತ್ರಗಳಿಲ್ಲದಿದ್ದರೆ ಎಂಜಿನ್ನನ್ನು ಇಳಿಸಿ, ಭದ್ರವಾದ ಪೀಠದ ಮೇಲೆ ಕೂರಿಸಿ ನೀರೆತ್ತಲು ಬಳಸಬಹುದು. ಮಾರ್ಪಡಿಸಲೇಬೇಕೆಂಬ ಹಟವಿದ್ದರೆ, ಮೊದಲ ಹೆಜ್ಜೆ ಗ್ಯಾರೇಜಿಗಲ್ಲ, ಪ್ರಾದೇಶಿಕ ಸಾರಿಗೆ ಕಚೇರಿಗೆ. ತರುಣರ ಕೈಕಸುಬನ್ನು ಪ್ರೋತ್ಸಾಹಿಸುವುದು ಹಿರಿಯರ ಕರ್ತವ್ಯ; ಗಾಡಿ ಓಡುವುದಕ್ಕೆ ಮೊದಲು ನಿಲ್ಲುವುದನ್ನು ಕಲಿಯಲಿ ಎಂದು ಅವರಿಗೆ ತಿಳಿಹೇಳುವುದೂ ಅಷ್ಟೇ ಮುಖ್ಯವಾದ ಕರ್ತವ್ಯ.