ಸಂತೆಯಲ್ಲಿ ಅಡುಗೆ ಬೇಡ

ಒಂದು ಸಂಜೆ ಸನ್ನತಿಯ ಶಾಸನದ ಬಗ್ಗೆ ಮಕ್ಕಳಿಗೆ ಹೇಳಲು ಟಿಪ್ಪಣಿ ಮಾಡಿಕೊಳ್ಳೋಣವೆಂದು ಕಂಪ್ಯೂಟರಿನ ಮುಂದೆ ಕುಳಿತೆ. 1986ರಲ್ಲಿ ಇಲ್ಲಿನ ಕಾಳಿಗುಡಿಯ ಛಾವಣಿ ಕುಸಿದ ಮೇಲೆ, ವಿಗ್ರಹದ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಬೆಳಕಿಗೆ ಬಂತು. ಇಷ್ಟು ಓದುವಷ್ಟರಲ್ಲಿ ವಾಟ್ಸಾಪ್ ಕರೆಯಿತು. ಆಮೇಲೆ ಕ್ರಿಕೆಟ್ ಸ್ಕೋರು. ಗಡಿಯಾರ ನೋಡಿದರೆ ಒಂಬತ್ತೂವರೆ! ಬರೆದದ್ದು ಎರಡೇ ಸಾಲು. ವಿಜ್ಞಾನದ ಮೇಷ್ಟ್ರ ಪಾಡೇ ಹೀಗಾದರೆ ಎಸ್ಸೆಸ್ಸೆಲ್ಸಿ ಹುಡುಗರ ಗತಿಯೇನು?

ಕೆಲಸದಿಂದ ಕೆಲಸಕ್ಕೆ ಜಿಗಿದಾಗ ಮನಸ್ಸಿನ ಒಂದು ಪಾಲು ಹಿಂದಿನದರಲ್ಲೇ ಉಳಿಯುತ್ತದೆ. 2009ರಲ್ಲಿ ಸಂಶೋಧಕಿ ಸೋಫಿ ಲೆರಾಯ್ ಇದನ್ನು ‘ಗಮನದ ಉಳಿಕೆ’ ಎಂದು ಕರೆದರು.

ಮರುದಿನ ಕ್ರಮ ಬದಲಿಸಿದೆ. ಮೊದಲು ಐದು ಪ್ರಶ್ನೆಗಳನ್ನು ಹಾಳೆಯ ಮೇಲೆ ಬರೆದುಕೊಂಡೆ. ಅರ್ಧ ತಾಸು ಇಂಟರ್‌ನೆಟ್ಟಿನಲ್ಲಿ ಹುಡುಕಿ, ಬೇಕಾದ ಪುಟಗಳನ್ನು ಉಳಿಸಿಕೊಂಡು ಸಂಪರ್ಕ ಕಡಿದೆ. ಅಕ್ಷರ ಬಿಟ್ಟರೆ ಬೇರೇನೂ ಇಲ್ಲದ ನೋಟ್‌ಪ್ಯಾಡಿನಲ್ಲಿ ಬರೆಯತೊಡಗಿದೆ. ಒಂದೇ ತಾಸಿನಲ್ಲಿ ಪಾಠ ಸಿದ್ಧ! ಇದಕ್ಕೆ ಹಳೆಯ ಕಂಪ್ಯೂಟರೂ ಸಾಕು. ಕೀವಿಕ್ಸ್ ಎಂಬ ಉಚಿತ ತಂತ್ರಾಂಶವಿದ್ದರೆ ಕನ್ನಡ ವಿಕಿಪೀಡಿಯವನ್ನೇ ಒಮ್ಮೆ ಇಳಿಸಿಕೊಂಡು, ಸಂಪರ್ಕವಿಲ್ಲದೆ ಓದಬಹುದು.

ಹಾಗೆಂದು ಇಂಟರ್‌ನೆಟ್ ಶತ್ರುವಲ್ಲ. ಫಲಿತಾಂಶಕ್ಕೆ, ವಿದ್ಯಾರ್ಥಿವೇತನದ ಅರ್ಜಿಗೆ ಅದು ಬೇಕೇ ಬೇಕು. ಅದೊಂದು ಸಂತೆ. ಚೀಟಿ ಹಿಡಿದು ಹೋಗಬೇಕು, ಕೊಂಡು ಮನೆಗೆ ಬರಬೇಕು. ಸಂತೆಯ ನಡುವೆಯೇ ಒಲೆ ಹೂಡಿ ಅಡುಗೆ ಮಾಡುವವರುಂಟೆ?

ಪಾಲಕರಲ್ಲಿ ಒಂದು ಮಾತು. ಮಕ್ಕಳ ಕೈಯಿಂದ ಫೋನು ಕಸಿಯುವ ಮೊದಲು, ಅವರು ಓದುವ ಆ ಒಂದು ತಾಸು ನಿಮ್ಮ ಫೋನನ್ನೂ ಆರಿಸಿಡಿ. ಮಕ್ಕಳು ನಮ್ಮ ಮಾತಿಗಿಂತ ನಮ್ಮ ನಡೆಯನ್ನೇ ಬೇಗ ಕಲಿಯುತ್ತಾರೆ.